ರಾಬರ್ಟ್ ಬ್ರೂಸ್ ಫೂಟ್ (1834–1912): ಜೀವನ ಪರಿಚಯ

ಕರ್ನಾಟಕದ ಪುರಾತನ ಶಿಲೆಗಳಿಗೆ ಧಾರವಾಡದ ಹೆಸರನ್ನು ನೀಡಿದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರು 1834ರ ಸೆಪ್ಟೆಂಬರ್ 22ರಂದು ಇಂಗ್ಲೆಂಡಿನಲ್ಲಿ ಜನಿಸಿದರು. 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯನ್ನು ಸೇರಿದರು. 1863ರಲ್ಲಿ ಮದ್ರಾಸಿನ ಸಮೀಪದ ಪಲ್ಲಾವರಂನಲ್ಲಿ ಇವರಿಗೆ ದೊರೆತ ಕಲ್ಲಿನ ಕೈಗೊಡಲಿಯಿಂದ ಭಾರತದ ಶಿಲಾಯುಗದ ಅಧ್ಯಯನಕ್ಕೆ ನಾಂದಿಯಾಯಿತು.

ಅನಂತರ ಇವರು ಬೆಳಗಾವಿ, ಧಾರವಾಡ ಸೀಮೆಗಳಲ್ಲಿ ಸಂಚರಿಸಿ ಸರ್ವೇಕ್ಷಣೆ ನಡೆಸಿದರು. 1997ರಲ್ಲಿ ಪ್ರತ್ಯೇಕ ಜಿಲ್ಲೆಯಾದ ಹಾವೇರಿಯು ಅಂದು ಧಾರವಾಡ ಜಿಲ್ಲೆಯ ಭಾಗವಾಗಿತ್ತು. ಡಂಬಳ ಗುಡ್ಡಗಳ ಚಿನ್ನದ ಶಿಲೆಗಳನ್ನು ಕುರಿತು 1874ರಲ್ಲಿಯೂ, ಇಡೀ ಪ್ರದೇಶದ ಭೂರಚನೆಯನ್ನು ಕುರಿತು 1876ರಲ್ಲಿಯೂ ಇವರ ವರದಿಗಳು ಪ್ರಕಟವಾದವು. 1888ರಲ್ಲಿ ಚಿನ್ನವನ್ನೊಳಗೊಂಡ ಈ ಶಿಲಾಸಮೂಹವನ್ನು 'ಧಾರವಾಡ ವ್ಯವಸ್ಥೆ' ಎಂದು ಹೆಸರಿಸಿದರು.

1876ರಲ್ಲಿಯೇ ಬ್ರಿಟನ್ನಿನ ಚಾಲೆಂಜರ್ ಹಡಗು ಮೂರೂವರೆ ವರ್ಷಗಳ ಸಾಗರ ಪರ್ಯಟನೆಯನ್ನು ಮುಗಿಸಿ ಹಿಂದಿರುಗಿತು. ಪೆಸಿಫಿಕ್ ಸಾಗರದ ತಳದಿಂದ ಒಂದೇ ಬಾರಿಗೆ ಎಳೆದ ಕೆಂಪು ಜೇಡಿಯಲ್ಲಿ 1,500ಕ್ಕೂ ಹೆಚ್ಚು ಶಾರ್ಕ್ ಹಲ್ಲುಗಳು ದೊರೆತಿದ್ದವು. ಅನೇಕವು ಮ್ಯಾಂಗನೀಸಿನ ಕಪ್ಪು ಲೇಪದಿಂದ ಆವೃತವಾಗಿದ್ದವು. ಶಾರ್ಕಿನ ಮೈ ಮೃದ್ವಸ್ಥಿಯದಾದ್ದರಿಂದ ಕರಗಿಹೋಗುತ್ತದೆ, ಹಲ್ಲು ಮಾತ್ರ ಉಳಿಯುತ್ತದೆ. ಅಲ್ಲಿ ಸಾವಿರ ವರ್ಷಗಳಿಗೆ ಒಂದೆರಡು ಮಿಲಿಮೀಟರಿನಷ್ಟು ಮಾತ್ರ ಜೇಡಿ ಸಂಗ್ರಹವಾಗುವುದರಿಂದ, ಲಕ್ಷಾಂತರ ವರ್ಷಗಳ ಹಲ್ಲುಗಳು ಒಂದೆಡೆಯೇ ಬಿದ್ದಿರುತ್ತವೆ.

ರಾಣೇಬೆನ್ನೂರಿನ ಗ್ರೇವ್ಯಾಕ್ ಶಿಲೆಯೂ ಒಂದು ಕಾಲಕ್ಕೆ ಸಮುದ್ರತಳದ ಕೆಸರೇ ಆಗಿತ್ತೆಂದು ನಂತರದ ಭೂವಿಜ್ಞಾನಿಗಳು ತಿಳಿಸಿದ್ದಾರೆ. ಹಾಗಾದರೆ ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಭಾಗದಲ್ಲಿ ಬಾವಿ ತೋಡುವವರಿಗೆ ಇಂತಹ ಹಲ್ಲು ಏಕೆ ಸಿಗುವುದಿಲ್ಲ? ಈ ಶಿಲೆಗಳ ವಯಸ್ಸು ಸುಮಾರು 260 ಕೋಟಿ ವರ್ಷ. ಶಾರ್ಕ್‌ಗಳ ಇತಿಹಾಸ 45 ಕೋಟಿ ವರ್ಷಗಳ ಆಸುಪಾಸಿನದು. ಆ ಕಡಲಿನಲ್ಲಿ ಹಲ್ಲುಳ್ಳ ಜೀವಿಯೇ ಇರಲಿಲ್ಲ.

ಹಳ್ಳಗಳ ಮೆಕ್ಕಲು ಮಣ್ಣಿನ ವಿಷಯ ಬೇರೆ. ಗೋಕಾಕದ ಸಮೀಪ ಅಂತಹ ಜೇಡಿಯಲ್ಲಿ ದೊರೆತ ಘೇಂಡಾಮೃಗದ ಪಳೆಯುಳಿಕೆಯನ್ನು ಫೂಟ್ ಅವರು 1874ರಲ್ಲಿ ವಿವರಿಸಿದರು. ಈ ನಾಡಿನಲ್ಲಿ ಈಗ ಇಲ್ಲದ ಪ್ರಾಣಿಯೊಂದು ಇಲ್ಲಿ ಸಂಚರಿಸುತ್ತಿತ್ತೆಂಬುದು ಅದರಿಂದ ತಿಳಿಯಿತು. ಆದುದರಿಂದ ಹಳ್ಳದ ದಂಡೆಯಲ್ಲಿ ಮಣ್ಣು ತೆಗೆಯುವವರು ಕಲ್ಲಿನಂತಾದ ಮೂಳೆ ಕಂಡಲ್ಲಿ ಒಡೆಯದೆ, ಸ್ಥಳವನ್ನು ಗುರುತಿಸಿ ತಿಳಿಸುವುದು ಸೂಕ್ತ.

ಫೂಟ್ ಅವರು 1891ರಲ್ಲಿ ನಿವೃತ್ತರಾಗಿ ಯೆರ್ಕಾಡಿನಲ್ಲಿ ನೆಲೆಸಿದರು. ಇವರ ಪ್ರಾಗೈತಿಹಾಸಿಕ ಸಂಗ್ರಹವು ಮದ್ರಾಸ್ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿತು. 1912ರ ಡಿಸೆಂಬರ್ 29ರಂದು ಇವರು ನಿಧನರಾದರು. ಸಂಗ್ರಹದ ವಿವರಣಾತ್ಮಕ ಗ್ರಂಥವು 1916ರಲ್ಲಿ ಪ್ರಕಟವಾಯಿತು.