ನೆವಿಲ್ ಚೇಂಬರ್ಲೇನ್ (ಸೇನಾಧಿಕಾರಿ)

ಸರ್ ನೆವಿಲ್ ಫ್ರಾನ್ಸಿಸ್ ಫಿಟ್ಜೆರಾಲ್ಡ್ ಚೇಂಬರ್ಲೇನ್ (13 ಜನವರಿ 1856 – 28 ಮೇ 1944) ಬ್ರಿಟಿಷ್ ಭಾರತದಲ್ಲಿ ಸೇವೆ ಸಲ್ಲಿಸಿದ ಸೇನಾಧಿಕಾರಿ. ನಂತರ ರಾಯಲ್ ಐರಿಷ್ ಕಾನ್‌ಸ್ಟಾಬ್ಯುಲರಿ ಎಂಬ ಐರ್ಲೆಂಡಿನ ಪೊಲೀಸ್ ಪಡೆಗೆ ಮಹಾನಿರೀಕ್ಷಕರಾಗಿದ್ದರು. ಸ್ನೂಕರ್ ಆಟವನ್ನು ರೂಪಿಸಿ ಅದಕ್ಕೆ ಹೆಸರಿಟ್ಟವರೆಂಬುದು ಇವರ ಮುಖ್ಯ ಖ್ಯಾತಿ. 1937ರಿಂದ 1940ರವರೆಗೆ ಬ್ರಿಟನ್ನಿನ ಪ್ರಧಾನಮಂತ್ರಿಯಾಗಿದ್ದ ನೆವಿಲ್ ಚೇಂಬರ್ಲೇನ್ ಬೇರೊಬ್ಬ ವ್ಯಕ್ತಿ. ಹೆಸರಿನ ಸಾಮ್ಯದಿಂದ ಇಬ್ಬರನ್ನೂ ಒಬ್ಬರೆಂದು ತಿಳಿಯುವುದುಂಟು.

ಆರಂಭಿಕ ಜೀವನ

ಚೇಂಬರ್ಲೇನ್ ಸೈನಿಕ ಮನೆತನಕ್ಕೆ ಸೇರಿದವರು. ಇವರ ದೊಡ್ಡಪ್ಪನ ಹೆಸರೂ ನೆವಿಲ್ ಚೇಂಬರ್ಲೇನ್ ಎಂದೇ. ಅವರು 1876ರಿಂದ 1881ರವರೆಗೆ ಮದ್ರಾಸ್ ಸೇನೆಯ ಮಹಾದಂಡನಾಯಕರಾಗಿದ್ದು, ಮುಂದೆ ಫೀಲ್ಡ್ ಮಾರ್ಷಲ್ ಪದವಿಗೇರಿದರು. ಕಿರಿಯ ನೆವಿಲ್ ಸ್ಯಾಂಡ್‌ಹರ್ಸ್ಟ್ ಸೈನಿಕ ಶಾಲೆಯಲ್ಲಿ ತರಬೇತಿ ಪಡೆದು, 1873ರಲ್ಲಿ ಡೆವನ್‌ಷೈರ್ ರೆಜಿಮೆಂಟನ್ನು ಸೇರಿದರು. ಆ ತುಕಡಿ ಮಧ್ಯಭಾರತದ ಜಬಲ್ಪುರದಲ್ಲಿ ಬೀಡುಬಿಟ್ಟಿತ್ತು.

ಜಬಲ್ಪುರದ ಆಟ

ಜಬಲ್ಪುರದಲ್ಲಿ ಮಳೆಗಾಲದ ದೀರ್ಘ ಮಧ್ಯಾಹ್ನಗಳಲ್ಲಿ ಅಧಿಕಾರಿಗಳಿಗೆ ಬಿಲಿಯರ್ಡ್ಸ್ ಮೇಜೇ ಆಶ್ರಯವಾಗಿತ್ತು. ಶುದ್ಧ ಬಿಲಿಯರ್ಡ್ಸ್ ಇಬ್ಬರ ಆಟ. ಉಳಿದವರು ಕೈಕಟ್ಟಿ ಕೂರಬೇಕಾಗುತ್ತಿತ್ತು. ಆದ್ದರಿಂದ ಹಲವರು ಕೂಡಿ ಪಣವೊಡ್ಡಿ ಆಡುವ ಪೂಲ್ ಬಗೆಯ ಆಟಗಳು ಅಲ್ಲಿ ಹೆಚ್ಚು ಪ್ರಿಯವಾಗಿದ್ದವು. 'ಪಿರಮಿಡ್ಸ್' ಎಂಬುದನ್ನು ತ್ರಿಕೋನಾಕಾರವಾಗಿ ಜೋಡಿಸಿದ ಹದಿನೈದು ಕೆಂಪು ಚೆಂಡುಗಳಿಂದ ಆಡಲಾಗುತ್ತಿತ್ತು. 'ಲೈಫ್ ಪೂಲ್' ಆಟದಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಬಣ್ಣದ ಚೆಂಡು ಮತ್ತು ನಿಗದಿತ ಸಂಖ್ಯೆಯ ಜೀವಗಳಿರುತ್ತಿದ್ದವು. ತನ್ನ ಚೆಂಡು ಗೂಡಿಗೆ ಬಿದ್ದಾಗ ಆಟಗಾರನು ಒಂದು ಜೀವವನ್ನೂ ಪಣದ ಹಣವನ್ನೂ ಕಳೆದುಕೊಳ್ಳುತ್ತಿದ್ದನು. ಇವೆರಡರ ಜೊತೆಗೆ ಕಪ್ಪು ಚೆಂಡನ್ನು ಸೇರಿಸಿ ಆಡುವ 'ಬ್ಲಾಕ್ ಪೂಲ್' ಎಂಬ ರೂಪವೂ ಬಳಕೆಯಲ್ಲಿತ್ತು.

1875ರಲ್ಲಿ, ಹತ್ತೊಂಬತ್ತರ ಹರೆಯದ ಚೇಂಬರ್ಲೇನ್ ಈ ಆಟಗಳನ್ನು ಬೆಸೆದು, ಹದಿನೈದು ಕೆಂಪು ಚೆಂಡುಗಳೊಂದಿಗೆ ಬೇರೆ ಬೇರೆ ಮೌಲ್ಯದ ಬಣ್ಣದ ಚೆಂಡುಗಳನ್ನೂ ಮೇಜಿನ ಮೇಲಿರಿಸಿದರು. ಇಂದು ಕಾಣುವ ಎಲ್ಲ ಬಣ್ಣಗಳೂ ಒಮ್ಮೆಗೇ ಬಂದವಲ್ಲ. ನೀಲಿ ಮತ್ತು ಕಂದು ಚೆಂಡುಗಳು ಅನಂತರ ಸೇರಿದವು.

ಹೆಸರಿನ ಮೂಲ

ಹೆಸರು ಬಂದ ಬಗೆ ಆಟಗಾರನ ಮಟ್ಟವನ್ನು ಅಳೆಯುವ ಒಂದು ಮಾತಿನಿಂದ. ವುಲಿಚ್ ಸೈನಿಕ ಅಕಾಡೆಮಿಯಲ್ಲಿ ಕಲಿತಿದ್ದ ಯುವ ಫಿರಂಗಿದಳದ ಅಧಿಕಾರಿಯೊಬ್ಬರು ಜಬಲ್ಪುರದ ಭೋಜನಶಾಲೆಗೆ ಅತಿಥಿಯಾಗಿ ಬಂದಿದ್ದರು. ಅಕಾಡೆಮಿಯಲ್ಲಿ ಮೊದಲ ವರ್ಷದ ವಿದ್ಯಾರ್ಥಿಗಳನ್ನು 'ಸ್ನೂಕರ್' ಎಂದು ಕರೆಯುವ ರೂಢಿಯಿದೆಯೆಂದು ಅವರು ಮಾತಿನ ನಡುವೆ ತಿಳಿಸಿದರು. ಎಲ್ಲರಿಗಿಂತ ಕೆಳಗಿನ ಮೆಟ್ಟಿಲಿನ ಹೊಸಬ ಎಂಬುದು ಅದರ ಭಾವ. ಸ್ವಲ್ಪ ಹೊತ್ತಿನಲ್ಲಿ ಆಟಗಾರನೊಬ್ಬನು ಗೂಡಿನ ಬಾಯಲ್ಲೇ ಇದ್ದ ಸುಲಭದ ಬಣ್ಣದ ಚೆಂಡನ್ನು ತಪ್ಪಿಸಿದಾಗ, ಚೇಂಬರ್ಲೇನ್ ಅವನನ್ನು ಅದೇ ಪದದಿಂದ ಛೇಡಿಸಿದರು. ಪದದ ಅರ್ಥವನ್ನು ಸುತ್ತಲಿದ್ದವರಿಗೆ ವಿವರಿಸಬೇಕಾಯಿತು. ಆಟಗಾರನಿಗೆ ನೋವಾಗಬಾರದೆಂದು, ಈ ಆಟದ ಮಟ್ಟಿಗೆ ತಾವೆಲ್ಲರೂ ಸ್ನೂಕರ್‌ಗಳೇ ಎಂದು ಅವರು ಸೇರಿಸಿದರು. ಆಟವನ್ನು ಅಲ್ಲಿಂದ ಮುಂದೆ ಆ ಹೆಸರಿನಿಂದಲೇ ಕರೆಯಲಾಯಿತು. ಹೊಸದಾಗಿ ಹುಟ್ಟಿದ ಆಟದಲ್ಲಿ ಪಳಗಿದವರು ಯಾರೂ ಇರಲಾರರಾದ್ದರಿಂದ, ಆ ಮಾತು ಕೇವಲ ಸೌಜನ್ಯದ್ದಾಗಿರದೆ ನಿಜವೂ ಆಗಿತ್ತು. ಹೊಡೆಯಬೇಕಾದ ಚೆಂಡಿಗೆ ನೇರ ದಾರಿ ಸಿಗದಂತೆ ಎದುರಾಳಿಯನ್ನು ತಡೆಯುವುದಕ್ಕೂ ಇಂದು ಇದೇ ಪದ ಬಳಕೆಯಲ್ಲಿದೆ.

ಉದಕಮಂಡಲ ಮತ್ತು ಮೈಸೂರು ಸೀಮೆ

ಚೇಂಬರ್ಲೇನ್ ಸೆಂಟ್ರಲ್ ಇಂಡಿಯಾ ಹಾರ್ಸ್ ಎಂಬ ಅಶ್ವದಳಕ್ಕೆ ಸೇರಿ, ಎರಡನೆಯ ಆಫ್ಘನ್ ಯುದ್ಧದಲ್ಲಿ ಫ್ರೆಡರಿಕ್ ರಾಬರ್ಟ್ಸ್ ಅವರ ಕೈಕೆಳಗೆ ಹೋರಾಡಿ ಗಾಯಗೊಂಡರು. 1881ರಲ್ಲಿ ರಾಬರ್ಟ್ಸ್ ಮದ್ರಾಸ್ ಸೇನೆಯ ಮುಖ್ಯಸ್ಥರಾದಾಗ ಅವರ ಆಪ್ತ ಸಹಾಯಕರಾಗಿ ದಕ್ಷಿಣಕ್ಕೆ ಬಂದರು. ಬೇಸಿಗೆಯಲ್ಲಿ ಮದ್ರಾಸ್ ಆಡಳಿತವೆಲ್ಲ ನೀಲಗಿರಿಯ ಉದಕಮಂಡಲಕ್ಕೆ ಏರುತ್ತಿತ್ತು. ಅಲ್ಲಿನ ಊಟಿ ಕ್ಲಬ್ಬಿನ ಬಿಲಿಯರ್ಡ್ಸ್ ಕೋಣೆಯಲ್ಲಿ ಚೇಂಬರ್ಲೇನ್ ತಮ್ಮ ಆಟದ ನಿಯಮಗಳನ್ನು ಬರೆದು ಗೋಡೆಗೆ ತೂಗುಹಾಕಿದರು. ಅದುವರೆಗೆ ಬಾಯಿಮಾತಿನಲ್ಲಿದ್ದ ಆಟಕ್ಕೆ ಲಿಖಿತ ರೂಪ ಬಂದದ್ದು ಹೀಗೆ.

ಕರ್ನಾಟಕದ ಓದುಗರಿಗೆ ಕುತೂಹಲಕರವಾದ ಸಂಗತಿ ಇಲ್ಲಿದೆ. ಊಟಿಗೆ ರಜೆಯಲ್ಲಿ ಬರುತ್ತಿದ್ದವರಲ್ಲಿ ಬೆಂಗಳೂರು ಮತ್ತು ಸಿಕಂದರಾಬಾದಿನ ದಂಡುಪ್ರದೇಶಗಳ ಅಧಿಕಾರಿಗಳೂ ಮೈಸೂರು ಸೀಮೆಯ ತೋಟಗಾರರೂ ಇದ್ದರು. ಕ್ಲಬ್ಬಿನಲ್ಲಿ ಹೊಸ ಆಟವನ್ನು ಕಂಡ ಅವರು ಅದನ್ನು ತಮ್ಮ ಊರುಗಳಿಗೆ ಒಯ್ದರು. ಇಂಗ್ಲೆಂಡಿನಲ್ಲಿ ಸ್ನೂಕರ್ ಬೇರೂರುವ ಮೊದಲೇ ಅದು ಗುಂಡ್ಲುಪೇಟೆಯ ಆಚೀಚಿನ ಘಟ್ಟದ ದಾರಿಯಲ್ಲಿ ಇಳಿದು ಬಂದಿರಬೇಕು. 1885ರಲ್ಲಿ ಭಾರತ ಪ್ರವಾಸದಲ್ಲಿದ್ದ ಇಂಗ್ಲೆಂಡಿನ ಬಿಲಿಯರ್ಡ್ಸ್ ಚಾಂಪಿಯನ್ ಜಾನ್ ರಾಬರ್ಟ್ಸ್, ಕೂಚ್ ಬಿಹಾರದ ಮಹಾರಾಜರ ಭೋಜನಕೂಟದಲ್ಲಿ ಚೇಂಬರ್ಲೇನರನ್ನು ಕಂಡು ನಿಯಮಗಳನ್ನು ಕೇಳಿ ತಿಳಿದರು.

ಕೌಶಲದ ಅಳತೆ

ಸ್ನೂಕರ್ ಉಳಿದ ಪಣದಾಟಗಳನ್ನು ಹಿಂದಿಕ್ಕಲು ಅದರ ಅಂಕಕ್ರಮವೂ ಕಾರಣ. ಪಿರಮಿಡ್ಸ್‌ನಲ್ಲಿ ಎಲ್ಲ ಚೆಂಡುಗಳ ಬೆಲೆಯೂ ಒಂದೇ. ಸ್ನೂಕರಿನಲ್ಲಿ ಕೆಂಪಿಗೆ 1, ಹಳದಿಗೆ 2, ಹಸಿರಿಗೆ 3, ಕಂದಿಗೆ 4, ನೀಲಿಗೆ 5, ಗುಲಾಬಿಗೆ 6, ಕಪ್ಪಿಗೆ 7 ಅಂಕಗಳು. ಎಷ್ಟು ಚೆಂಡು ಬಿದ್ದವು ಎಂಬುದಕ್ಕಿಂತ, ಯಾವುದರ ನಂತರ ಯಾವುದು ಬಿತ್ತು ಎಂಬುದೇ ಇಲ್ಲಿ ಮುಖ್ಯ. ತಪ್ಪದೆ ಒಂದೇ ಸರದಿಯಲ್ಲಿ ಗಳಿಸಿದ ಅಂಕಗಳ ಮೊತ್ತಕ್ಕೆ ಬ್ರೇಕ್ ಎಂದು ಹೆಸರು. ಹದಿನೈದು ಕೆಂಪುಗಳೊಡನೆಯೂ ಕಪ್ಪನ್ನೇ ಹಾಕಿ, ಕೊನೆಗೆ ಎಲ್ಲ ಬಣ್ಣಗಳನ್ನೂ ಹಾಕಿದರೆ 147 ಆಗುತ್ತದೆ. ಹವ್ಯಾಸಿಯೊಬ್ಬನ ಮಟ್ಟವನ್ನು ಕೇಳಿದಾಗ ಅವನ ಅತ್ಯುತ್ತಮ ಬ್ರೇಕನ್ನು ಹೇಳುವ ವಾಡಿಕೆ ಇದೆ. ಆದರೆ ಒಂದು ಒಳ್ಳೆಯ ದಿನದ ದಾಖಲೆ ಅವನ ನಿತ್ಯದ ಆಟವನ್ನು ತೋರಿಸದು.

ಅಸಮಾನರ ನಡುವೆ ಪಂದ್ಯ ನಡೆಸಲು ಕ್ಲಬ್ಬುಗಳು ಹ್ಯಾಂಡಿಕ್ಯಾಪ್ ಪದ್ಧತಿಯನ್ನು ಬಳಸುತ್ತವೆ. ದುರ್ಬಲನಿಗೆ ಆರಂಭದಲ್ಲೇ ಕೆಲವು ಅಂಕಗಳನ್ನು ಕೊಡುವುದೇ ಅದು. ಅಂಕಗಳೆಷ್ಟು ಎಂಬುದನ್ನು ನಿರ್ಧರಿಸುವವನು ಆಟವನ್ನು ಬಹುಕಾಲ ನೋಡಿರಬೇಕು. ಬೇಕೆಂದೇ ಕಳಪೆಯಾಗಿ ಆಡಿ ಹೆಚ್ಚಿನ ಮುನ್ನಡೆ ಪಡೆಯುವವರೂ ಇರುವುದರಿಂದ ಈ ತೀರ್ಪು ಸುಲಭದ್ದಲ್ಲ. ಅಮೆರಿಕದ ಹವ್ಯಾಸಿ ಪೂಲ್ ಲೀಗುಗಳಲ್ಲಿ ಪಂದ್ಯಗಳ ಫಲಿತಾಂಶದಿಂದ ಪ್ರತಿ ಆಟಗಾರನಿಗೆ ಶ್ರೇಣಿ ಸಂಖ್ಯೆ ಕೊಡುವ ಕ್ರಮ ಬೆಳೆದದ್ದೂ ಇದೇ ಸಮಸ್ಯೆಯಿಂದ.

ಮುಂದಿನ ವೃತ್ತಿ

1890ರಲ್ಲಿ ಚೇಂಬರ್ಲೇನ್ ಕಾಶ್ಮೀರ ಸಂಸ್ಥಾನದ ಸೇನಾ ಕಾರ್ಯದರ್ಶಿಯಾದರು. ದಕ್ಷಿಣ ಆಫ್ರಿಕದ ಬೋಯರ್ ಯುದ್ಧದಲ್ಲಿ ಮತ್ತೆ ರಾಬರ್ಟ್ಸ್ ಅವರ ಜೊತೆಗಿದ್ದರು. 1900ರಲ್ಲಿ ಐರ್ಲೆಂಡಿನ ಪೊಲೀಸ್ ಪಡೆಯ ಹೊಣೆ ಹೊತ್ತು, 1903ರಲ್ಲಿ ಸರ್ ಪದವಿ ಪಡೆದರು. ಐರಿಷ್ ಸ್ವಯಂಸೇವಕ ದಳಗಳು ಶಸ್ತ್ರ ಕೂಡಿಹಾಕುತ್ತಿರುವ ಬಗ್ಗೆ ಅವರ ಪಡೆ ಸರ್ಕಾರಕ್ಕೆ ವರದಿಗಳನ್ನು ಕಳುಹಿಸಿತ್ತು. 1916ರ ಏಪ್ರಿಲ್‌ನಲ್ಲಿ ಡಬ್ಲಿನ್ನಿನಲ್ಲಿ ಈಸ್ಟರ್ ದಂಗೆ ನಡೆದಾಗ ಆ ವರದಿಗಳು ಮತ್ತೆ ಹೊರಬಂದವು. ವಿಚಾರಣಾ ಆಯೋಗವು ಮುಖ್ಯ ಹೊಣೆಯನ್ನು ರಾಜಕೀಯ ಆಡಳಿತದ ಮೇಲೆ ಹೊರಿಸಿತು. ಆದರೂ ಅದೇ ವರ್ಷ ಚೇಂಬರ್ಲೇನ್ ಹುದ್ದೆ ತೊರೆದರು.

ಜನಕತ್ವದ ಪ್ರಶ್ನೆ

ದಶಕಗಳ ಕಾಲ ಸ್ನೂಕರಿಗೆ ಗೊತ್ತಾದ ಜನಕನಿರಲಿಲ್ಲ. 1938ರಲ್ಲಿ ಪತ್ರಿಕೆಯೊಂದರಲ್ಲಿ ಆಟದ ಮೂಲದ ಬಗ್ಗೆ ಬೇರೆ ಕಥೆ ಪ್ರಕಟವಾದಾಗ, ಎಂಬತ್ತೆರಡು ವರ್ಷದ ಚೇಂಬರ್ಲೇನ್ 'ದ ಫೀಲ್ಡ್' ಪತ್ರಿಕೆಗೆ ಬರೆದು ತಮ್ಮ ಹಕ್ಕನ್ನು ಮುಂದಿಟ್ಟರು. ಘಟನೆ ನಡೆದು ಆಗಲೇ 63 ವರ್ಷಗಳಾಗಿದ್ದವು. ಭಾರತದಲ್ಲಿ ಅವರೊಂದಿಗಿದ್ದ ಹಿರಿಯ ಅಧಿಕಾರಿಗಳು ಅವರ ಪರವಾಗಿ ಸಾಕ್ಷ್ಯ ನುಡಿದರು. 1939ರಲ್ಲಿ ಕಾದಂಬರಿಕಾರ ಕಾಂಪ್ಟನ್ ಮೆಕೆಂಜಿ ಈ ವೃತ್ತಾಂತವನ್ನು ಲೇಖನವಾಗಿ ಪ್ರಕಟಿಸಿದ ಬಳಿಕ ಅದು ಬಹುಮಟ್ಟಿಗೆ ಸ್ವೀಕೃತವಾಯಿತು. ಹೆಸರಿನ ಕಥೆಗೆ ಆಧಾರ ಈಗಲೂ ಮುಖ್ಯವಾಗಿ ಇವರ ನೆನಪುಗಳೇ ಎಂಬುದನ್ನು ಓದುಗರು ಗಮನಿಸಬೇಕು.

ಭಾರತದಲ್ಲಿ ಆಟದ ಬೆಳವಣಿಗೆ

ಮೊದಲ ವಿಶ್ವ ಹವ್ಯಾಸಿ ಸ್ನೂಕರ್ ಚಾಂಪಿಯನ್‌ಷಿಪ್ 1963ರಲ್ಲಿ ಕಲ್ಕತ್ತದಲ್ಲೇ ನಡೆಯಿತು. 1984ರಲ್ಲಿ ಓಂ ಅಗರ್ವಾಲ್ ಆ ಪ್ರಶಸ್ತಿ ಗೆದ್ದ ಮೊದಲ ಭಾರತೀಯರಾದರು. ಅವರು ಗೆದ್ದದ್ದು ಚೇಂಬರ್ಲೇನ್ ತಮ್ಮ ಕೊನೆಯ ಹುದ್ದೆಯ ಕಾಲವನ್ನು ಕಳೆದ ಡಬ್ಲಿನ್ ನಗರದಲ್ಲಿ. ಬೆಂಗಳೂರಿನಲ್ಲಿ ಅರವಿಂದ ಸವೂರ್ ಅವರ ತರಬೇತಿಯಲ್ಲಿ ಬೆಳೆದ ಪಂಕಜ್ ಅಡ್ವಾಣಿ 2003ರಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ಚೀನಾದಲ್ಲಿ ಅದೇ ಪ್ರಶಸ್ತಿಯನ್ನು ಪಡೆದರು.