ವಿಲ್ಸನ್ ಮಹಾಶಯನೂ ಪಾನಮುಕ್ತರ ಕೂಟವೂ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ವಾಚಕರು ನಮ್ಮನ್ನು ಆಗಾಗ ಕೇಳುವ ಪ್ರಶ್ನೆಯೊಂದುಂಟು. ಕುಡಿತವನ್ನು ಬಿಡಲು ಸಂಕಲ್ಪಿಸಿದವನು ಯಾರ ಬಳಿಗೆ ಹೋಗತಕ್ಕದ್ದು? ಕಲ್ಲಿನ ಗಣಿಯಲ್ಲಿಯೂ ಸಿಮೆಂಟಿನ ಕಾರ್ಖಾನೆಯಲ್ಲಿಯೂ ದುಡಿದು ಬಂದವನಿಗೆ ಅಂಗಡಿಯ ದಾರಿಯನ್ನು ತೋರಿಸಲು ಹತ್ತು ಮಂದಿ ಸಿದ್ಧರು. ಅಲ್ಲಿಂದ ಹಿಂದಿರುಗುವ ದಾರಿಯನ್ನು ಬಲ್ಲವರು ವಿರಳ. ಕಚೇರಿಯ ಮಂದಿಯೂ ಇದಕ್ಕೆ ಹೊರತಲ್ಲ. ಅವರ ಕುಡಿತಕ್ಕೆ ಬಾಗಿಲಿನ ಮರೆಯೊಂದುಂಟು, ಅಷ್ಟೇ. ಸರಕಾರವು ೨೦೦೭ರಲ್ಲಿ ಸಾರಾಯಿಯನ್ನು ನಿಷೇಧಿಸಿತಾದರೂ ಚಟವು ನಿಲ್ಲಲಿಲ್ಲ. ಇದೇ ಪ್ರಶ್ನೆಯನ್ನು ಪ್ರಾಣಸಂಕಟದಲ್ಲಿ ಕೇಳಿಕೊಂಡು ಉತ್ತರವನ್ನು ಕಂಡ ಒಬ್ಬನ ಚರಿತ್ರೆಯನ್ನು ಇಂದು ನಿರೂಪಿಸುವೆವು. ಪರದೇಶದವನೆಂಬ ಕಾರಣದಿಂದ ಅವನನ್ನು ಅಲಕ್ಷಿಸುವುದು ಉಚಿತವಲ್ಲ.

ವಿಲಿಯಂ ವಿಲ್ಸನ್ ಮಹಾಶಯನು ಅಮೇರಿಕೆಯ ವರ್ಮಾಂಟ್ ಪ್ರಾಂತದ ಒಂದು ಹಳ್ಳಿಯಲ್ಲಿ ೧೮೯೫ನೆಯ ಇಸವಿ ನವಂಬರ ೨೬ರಂದು ಜನಿಸಿದನು. ತಂದೆತಾಯಿಗಳು ಅಗಲಿದ ಕಾರಣ ತಾತನ ಮನೆಯಲ್ಲಿ ಬೆಳೆದನು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಸೇನಾಧಿಕಾರಿಯಾದನು. ಮದ್ಯದ ರುಚಿ ಹತ್ತಿದ್ದೂ ಆಗಲೇ. ನಾಲ್ವರ ನಡುವೆ ಸಂಕೋಚದಿಂದ ಮುದುಡುತ್ತಿದ್ದ ಆ ಯುವಕನಿಗೆ ಬಟ್ಟಲು ಧೈರ್ಯದ ಔಷಧದಂತೆ ತೋರಿತು. ೧೯೧೮ರಲ್ಲಿ ಲೋಯಿಸ್ ಎಂಬಾಕೆಯನ್ನು ವರಿಸಿದನು. ನ್ಯೂಯಾರ್ಕಿನ ಷೇರುಪೇಟೆಯಲ್ಲಿ ಗಳಿಸಿದ್ದು ೧೯೨೯ರ ಪತನದಲ್ಲಿ ಹೋಯಿತು, ಕುಡಿತ ಉಳಿಯಿತು. ಮಾವನ ಮನೆಯೇ ಆಸರೆಯಾಯಿತು. ಹೆಂಡತಿಯು ಅಂಗಡಿಯೊಂದರಲ್ಲಿ ಚಾಕರಿ ಮಾಡಿ ಸಂಸಾರವನ್ನು ಸಾಗಿಸಿದಳು.

ಟೌನ್ಸ್ ಆಸ್ಪತ್ರೆಗೆ ಆತನು ಪದೇ ಪದೇ ಸೇರಿದನು. ಅತಿಪಾನವು ಬರಿಯ ನೀತಿಗೇಡಲ್ಲ, ದೇಹಮನಸ್ಸುಗಳೆರಡನ್ನೂ ಹಿಡಿಯುವ ರೋಗವೆಂದು ಅಲ್ಲಿಯ ವೈದ್ಯನಾದ ಸಿಲ್ಕ್‌ವರ್ತ್ ತಿಳಿಸಿಕೊಟ್ಟನು. ೧೯೩೪ರ ನವಂಬರದಲ್ಲಿ ಪಾನಗೋಷ್ಠಿಯ ಹಳೆಯ ಗೆಳೆಯನೊಬ್ಬನು ಮದ್ಯವನ್ನು ತೊರೆದು ಪ್ರಸನ್ನವದನನಾಗಿ ಎದುರು ಬಂದು ಕುಳಿತನು. ಡಿಸೆಂಬರದಲ್ಲಿ ವಿಲ್ಸನ್ ಕೊನೆಯ ಬಾರಿ ಆಸ್ಪತ್ರೆಗೆ ಸೇರಿದನು, ಅಲ್ಲಿ ತನಗೆ ದೈವಸಾಕ್ಷಾತ್ಕಾರವಾಯಿತೆಂದು ನಂಬಿದನು, ಮತ್ತೆಂದೂ ಕುಡಿಯಲಿಲ್ಲ. ಹೊರಬಂದವನೇ ಕಂಡಕಂಡ ಕುಡುಕರಿಗೆಲ್ಲ ಉಪದೇಶ ಮಾಡತೊಡಗಿದನು. ಒಬ್ಬನಾದರೂ ಸುಧಾರಿಸಲಿಲ್ಲ. ಪಾನನಿಷೇಧವನ್ನು ಕುರಿತು ಈ ಪುಟದಲ್ಲಿ ಅನೇಕ ಬಾರಿ ಗರ್ಜಿಸಿದ ನಾವು ಈ ಭಾಗವನ್ನು ಓದಿ ಲಜ್ಜಿತರಾದೆವೆಂದು ಒಪ್ಪಿಕೊಳ್ಳಬೇಕಾಗಿದೆ. ಸಾಕ್ಷಾತ್ಕಾರದ ಮಾತನ್ನು ಬದಿಗಿಟ್ಟು ರೋಗದ ಸ್ವರೂಪವನ್ನು ಮೊದಲು ಹೇಳಬೇಕೆಂದು ಸಿಲ್ಕ್‌ವರ್ತನೇ ಆತನನ್ನು ತಿದ್ದಿದನು.

೧೯೩೫ರ ಮೇ ತಿಂಗಳಲ್ಲಿ ವಿಲ್ಸನ್ ವ್ಯವಹಾರಕ್ಕಾಗಿ ಆಕ್ರನ್ ಪಟ್ಟಣಕ್ಕೆ ಹೋದನು. ಕಾರ್ಯವು ಕೆಟ್ಟಿತು. ಶನಿವಾರದ ಸಂಜೆ, ಕೈಯಲ್ಲಿ ಹಣವಿಲ್ಲ, ಊರಿನಲ್ಲಿ ಪರಿಚಿತರಿಲ್ಲ. ಹೋಟೆಲಿನ ಹಜಾರದ ಒಂದು ಬದಿಯಿಂದ ಪಾನಗೃಹದ ನಗೆಮಾತು ಕೇಳಿಬರುತ್ತಿತ್ತು. ಇನ್ನೊಂದು ಬದಿಯಲ್ಲಿ ದೂರವಾಣಿಯೂ ಊರಿನ ಚರ್ಚುಗಳ ಯಾದಿಯೂ ಇದ್ದವು. ಇನ್ನೊಬ್ಬ ಕುಡುಕನೊಡನೆ ಮಾತನಾಡದಿದ್ದರೆ ತಾನು ಉಳಿಯೆನೆಂದು ಆತನಿಗೆ ಹೊಳೆಯಿತು. ಅನ್ಯನನ್ನು ಉದ್ಧರಿಸುವ ಹಂಬಲ ಹೋಗಿ ಆ ಸಂಜೆ ಆತನೇ ಯಾಚಕನಾದನು. ಯಾದಿಯಲ್ಲಿದ್ದ ಒಬ್ಬ ಪಾದ್ರಿಗೆ ದೂರವಾಣಿ ಮಾಡಿದನು. ಹೆಸರಿನಿಂದ ಹೆಸರಿಗೆ ಸಾಗಿ ಹೆನ್ರಿಯೆಟ್ಟಾ ಸೈಬರ್ಲಿಂಗ್ ಎಂಬ ಮಹಿಳೆಯ ಮೂಲಕ ಮರುದಿನ, ಮೇ ೧೨ರಂದು, ಡಾಕ್ಟರ್ ರಾಬರ್ಟ್ ಸ್ಮಿತ್ ಎಂಬ ಶಸ್ತ್ರವೈದ್ಯನನ್ನು ಕಂಡನು. ಕುಡಿತದಿಂದ ಹೆಸರನ್ನು ಕಳೆದುಕೊಂಡಿದ್ದ ಡಾಕ್ಟರನು ಕಾಲು ಗಂಟೆಗಿಂತ ಹೆಚ್ಚು ಕೂರಲು ಒಪ್ಪಿರಲಿಲ್ಲ. ಸಂಜೆ ಐದಕ್ಕೆ ಕುಳಿತವರು ಎದ್ದಾಗ ರಾತ್ರಿ ಹನ್ನೊಂದು ಮೀರಿತ್ತು. ಡಾಕ್ಟರನು ಅನಂತರ ಒಮ್ಮೆ ಜಾರಿದ್ದುಂಟು. ಆದರೆ ಜೂನ್ ೧೦ರಿಂದ ೧೯೫೦ರಲ್ಲಿ ಸಾಯುವವರೆಗೆ ಮದ್ಯವನ್ನು ಮುಟ್ಟಲಿಲ್ಲ. ಆ ಜೂನ್ ೧೦ನ್ನೇ ಅವರ ಸಂಘವು ತನ್ನ ಜನ್ಮದಿನವೆಂದು ಎಣಿಸುತ್ತದೆ.

೧೯೩೯ರಲ್ಲಿ ಗ್ರಂಥವೊಂದು ಪ್ರಕಟವಾಯಿತು. ಅದರಿಂದಲೇ ಸಂಘಕ್ಕೆ ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಅನಾಮಧೇಯ ಪಾನರೋಗಿಗಳು, ಎಂಬ ಹೆಸರು ನಿಂತಿತು. ೧೯೪೧ರಲ್ಲಿ ಒಂದು ಪತ್ರಿಕಾಲೇಖನದಿಂದ ಸದಸ್ಯರು ಸುಮಾರು ೨,೦೦೦ದಿಂದ ೮,೦೦೦ಕ್ಕೆ ಏರಿದರು. ನಮ್ಮ ದೇಶದಲ್ಲಿ ೧೯೫೭ರಲ್ಲಿ ಮುಂಬಯಿಯಲ್ಲಿ ಅದು ಬೇರೂರಿತು. ವಿಲ್ಸನ್ ಯೇಲ್ ವಿಶ್ವವಿದ್ಯಾಲಯದ ಗೌರವ ಪದವಿಯನ್ನು ನಿರಾಕರಿಸಿದನು. ದೋಷರಹಿತನೇನೂ ಅಲ್ಲ, ಮದ್ಯವನ್ನು ಗೆದ್ದವನು ತಂಬಾಕಿಗೆ ಬಹುಕಾಲ ಸೋತನು. ೧೯೭೧ರ ಜನವರಿ ೨೪ರಂದು ಶ್ವಾಸಕೋಶದ ವ್ಯಾಧಿಯಿಂದ ತೀರಿಕೊಂಡನು.

ಈ ಸಭೆಗಳಲ್ಲಿ ಶುಲ್ಕವಿಲ್ಲ. ಪೂರ್ಣ ಹೆಸರನ್ನು ಯಾರೂ ಕೇಳುವುದಿಲ್ಲ. ಮಾತನಾಡಲೇಬೇಕೆಂಬ ನಿರ್ಬಂಧವೂ ಇಲ್ಲ. ಕುಡಿತ ಬಿಡುವ ಇಚ್ಛೆಯೊಂದಿದ್ದರೆ ಸಾಕು. ಮೇಲಧಿಕಾರಿಯ ಕಿವಿಗೆ ಬಿದ್ದೀತೆಂದು ಅಂಜುವ ನೌಕರರು ಇದನ್ನು ಗಮನಿಸಬೇಕು. ಮನೆಯವರಿಗಾಗಿ ಲೋಯಿಸ್ ೧೯೫೧ರಲ್ಲಿ ಅಲ್-ಅನಾನ್ ಎಂಬ ಬೇರೆಯ ಕೂಟವನ್ನು ಕಟ್ಟಿದಳು. ನಮ್ಮ ನಾಡಿನಲ್ಲಿ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯೊಡನೆ ದುಡಿಯುವ ಜನಜಾಗೃತಿ ವೇದಿಕೆಯವರು ಮದ್ಯವರ್ಜನ ಶಿಬಿರಗಳನ್ನು ನಡೆಸಿ, ಬಿಟ್ಟವರನ್ನು ನವಜೀವನ ಸಮಿತಿಗಳಲ್ಲಿ ಕೂಡಿಸುತ್ತಾರೆ. ಸಮೀಪದ ನೆರವನ್ನು ಕೇಂದ್ರ ಸರಕಾರದ ೧೪೪೪೬ ಸಂಖ್ಯೆಯಲ್ಲಿ ವಿಚಾರಿಸಬಹುದು. ಬಹುಕಾಲ ವಿಪರೀತ ಕುಡಿದವನು ಹಠಾತ್ತಾಗಿ ನಿಲ್ಲಿಸಿದರೆ ನಡುಕ, ಸೆಳವುಗಳು ಬರುವುದುಂಟು; ಅಂಥವನು ಮೊದಲು ತಾಲೂಕು ಆಸ್ಪತ್ರೆಯ ವೈದ್ಯರನ್ನು ಕಾಣತಕ್ಕದ್ದು.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಿನವರು ದೂರದ ಸಭೆಗೆ ಹೋಗಬೇಕಾದರೂ ರೈಲುಗಾಡಿಯುಂಟು. ಚಿಂಚೋಳಿಯವರಿಗೆ ಅದೂ ಇಲ್ಲ. ಆದರೆ ಇಬ್ಬರೋ ಮೂವರೋ ಕುಡಿತ ಬಿಡಲೆಂದು ಕೂಡಿದರೆ ಅದನ್ನೇ ಒಂದು ಕೂಟವೆಂದು ಕರೆಯಲು ಆ ಸಂಘದ ನಿಯಮವು ಒಪ್ಪುತ್ತದೆ. ಆಕ್ರನ್ನಿನಲ್ಲಿಯೂ ಆ ಸಂಜೆ ಕುಳಿತಿದ್ದವರು ಇಬ್ಬರೇ.