ರಿಂಗ್ ಹಾಕಿದ ಮೇಸ್ತ್ರಿ

ದಾವಣಗೆರೆಯಲ್ಲಿ ಈಗ ಯಾವ ಬಡಾವಣೆಗೆ ಹೋದರೂ ಒಂದು ಮನೆಯಾದರೂ ಏಳ್ತಾ ಇರುತ್ತೆ. ಅಲ್ಲಿ ಕಂಬಿ ಕಟ್ಟುವವರನ್ನು ಸ್ವಲ್ಪ ಹೊತ್ತು ನಿಂತು ನೋಡಿ. ಬೀಮಿನ ಉದ್ದದ ಕಂಬಿಗಳಿಗೆ ಸುತ್ತಲೂ ರಿಂಗ್ ಹಾಕಿ ಬೈಂಡಿಂಗ್ ವೈರಿನಿಂದ ಬಿಗೀತಾರೆ. ಪಿಲ್ಲರ್ ಹತ್ತಿರ ಒತ್ತೊತ್ತಾಗಿ, ನಡುವೆ ಸ್ವಲ್ಪ ದೂರದೂರ. ನಾವು ಪರೀಕ್ಷೆಯಲ್ಲಿ ಸ್ಟಿರಪ್ ಅಂತ ಬರೆಯೋದು ಇದನ್ನೇ. ಇದನ್ನು ಊರೂರಿಗೆ ರೂಢಿ ಮಾಡಿಸಿದವರು ಫ್ರಾನ್ಸಿನ ಫ್ರಾಂಸ್ವಾ ಹೆನ್ನೆಬಿಕ್. ಅವರು ಕಲಿತದ್ದು ಕಲ್ಲುಕೆಲಸ.

ಹೆನ್ನೆಬಿಕ್ ಹುಟ್ಟಿದ್ದು 1842ರಲ್ಲಿ, ಉತ್ತರ ಫ್ರಾನ್ಸಿನ ಒಂದು ಹಳ್ಳಿಯಲ್ಲಿ. ಹಳೆಯ ಚರ್ಚುಗಳ ದುರಸ್ತಿ ಮಾಡುತ್ತಾ ಬೆಳೆದ ಅವರಿಗೆ ಕಲ್ಲಿನ ಗುಣ ಕೈಯಲ್ಲೇ ಗೊತ್ತಿತ್ತು. ನಮಗೆ ಅದು ಗೊತ್ತಾಗಬೇಕಾದರೆ ಹರಿಹರೇಶ್ವರ ದೇವಸ್ಥಾನಕ್ಕೆ ಹೋದರೆ ಸಾಕು. 13ನೇ ಶತಮಾನದ ಆ ಮಂಟಪದಲ್ಲಿ ಕಂಬಗಳು ಹತ್ತಿರ ಹತ್ತಿರ ನಿಂತಿವೆ. ಕಲ್ಲು ಎಷ್ಟು ಭಾರವನ್ನಾದರೂ ಹೊರುತ್ತೆ, ಆದರೆ ಉದ್ದದ ತೊಲೆಯಾಗಿ ಮಲಗಿಸಿದರೆ ಬಿರಿಯುತ್ತೆ. ಕಾಂಕ್ರೀಟಿನದೂ ಅದೇ ಹಣೆಬರಹ.

1867ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಹೆನ್ನೆಬಿಕ್, ಜೋಸೆಫ್ ಮೋನಿಯೆ ಮಾಡಿದ ಕಬ್ಬಿಣದ ಬಲೆಯ ಸಿಮೆಂಟ್ ತೊಟ್ಟಿಗಳನ್ನು ಕಂಡರು. 1879ರಲ್ಲಿ ಬೆಲ್ಜಿಯಂನ ಒಂದು ಮನೆಗೆ, ಬೆಂಕಿಯಿಂದ ಕಾಪಾಡಲೆಂದು ಕಬ್ಬಿಣದ ತೊಲೆಗಳಿಗೆ ಕಾಂಕ್ರೀಟ್ ಹೊದಿಸಿದರು. ಆಮೇಲೆ ಅವರ ಲೆಕ್ಕ ತಿರುಗಿತು. ಪೂರ್ತಿ ಕಬ್ಬಿಣದ ತೊಲೆ ಯಾಕೆ ಬೇಕು? ಎಳೆತ ಬೀಳುವ ಕಡೆ ಮಾತ್ರ ಕಂಬಿ ಇಟ್ಟರೆ ಆಯಿತಲ್ಲ!

ಆದರೆ ಕೆಳಗೆ ಕಂಬಿ ಇಟ್ಟರೂ ಬೀಮ್ ಇನ್ನೊಂದು ದಾರಿಯಲ್ಲಿ ಕೈಕೊಡುತ್ತೆ. ಆಧಾರದ ಹತ್ತಿರ ಓರೆಯಾಗಿ ಬಿರುಕು ಎದ್ದು, ಮುನ್ಸೂಚನೆಯೇ ಇಲ್ಲದೆ ಮುರಿಯುತ್ತೆ. ಅದೇ ಶಿಯರ್. 1892ರ ಪೇಟೆಂಟಿನಲ್ಲಿ ಹೆನ್ನೆಬಿಕ್ ಚಪ್ಪಟೆ ಕಬ್ಬಿಣದ ಪಟ್ಟಿಯನ್ನು ಯು ಆಕಾರಕ್ಕೆ ಬಗ್ಗಿಸಿ, ಕೆಳಗಿನ ಕಂಬಿಯನ್ನು ಮೇಲಿನ ಕಾಂಕ್ರೀಟಿಗೆ ಬಿಗಿದರು. ನಮ್ಮ ರಿಂಗಿನ ಹಿರಿಯಜ್ಜ ಅದು.

ಶಾಸ್ತ್ರ ಬಂದದ್ದು ಕೈಕೆಲಸದ ಹಿಂದೆ. 1899ರಲ್ಲಿ ಜ್ಯೂರಿಕ್‌ನ ಪ್ರೊಫೆಸರ್ ವಿಲ್ಹೆಲ್ಮ್ ರಿಟ್ಟರ್, ಹೆನ್ನೆಬಿಕ್ ಬೀಮಿನ ಒಳಗೆ ಒಂದು ಟ್ರಸ್ ಅಡಗಿದೆ ಎಂದು ವಿವರಿಸಿದರು. ಓರೆ ಬಿರುಕುಗಳ ನಡುವಿನ ಕಾಂಕ್ರೀಟ್ ಒತ್ತಡ ಹೊರುತ್ತೆ, ರಿಂಗ್ ಎಳೆತ ಹೊರುತ್ತೆ. ಶಿಯರ್ ಡಿಸೈನ್ ಕ್ಲಾಸಿನ ಬೇರು ಇಲ್ಲೇ ಇದೆ.

ಅಷ್ಟರಲ್ಲಿ ಹೆನ್ನೆಬಿಕ್ ಪದ್ಧತಿ ದೇಶ ದಾಟಿತ್ತು. ಡಿಸೈನ್ ಅವರ ಕಚೇರಿಯದು, ಕಟ್ಟುವವರು ಆಯಾ ಊರಿನ ಗುತ್ತಿಗೆದಾರರು. ಆದರೆ 1901ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ, ಅದೇ ಪದ್ಧತಿಯ ಒಂದು ಹೋಟೆಲ್ ಕಟ್ಟುತ್ತಿರುವಾಗಲೇ ಕುಸಿದು ಜನ ಸತ್ತರು. ತನಿಖೆ ಮಾಡಿದವರಿಗೆ ಕಳಪೆ ಕಾಂಕ್ರೀಟು, ಅಜಾಗರೂಕ ಕೆಲಸ ಕಣ್ಣಿಗೆ ಬಿದ್ದವು. ಪೇಟೆಂಟ್ ಎಷ್ಟು ಒಳ್ಳೆಯದಾದರೂ ಸೈಟಿನಲ್ಲಿ ನಿಂತು ನೋಡುವವರು ಬೇಕು. ಸ್ವಿಟ್ಜರ್ಲೆಂಡಿನಲ್ಲಿ ನಿಯಮಗಳು ಬಿಗಿಯಾದವು. ಹೆನ್ನೆಬಿಕ್ ಎದೆಗುಂದಲಿಲ್ಲ, 1911ರಲ್ಲಿ ರೋಮ್‌ನಲ್ಲಿ ಟೈಬರ್ ನದಿಯ ಮೇಲೆ 100 ಮೀಟರ್ ಹರವಿನ ಒಂದೇ ಕಮಾನಿನ ಸೇತುವೆ ಎದ್ದು ನಿಂತಿತು. ಅವರು ತೀರಿಕೊಂಡದ್ದು 1921ರಲ್ಲಿ.

ಈಗ ನೂರು ವರ್ಷ ಕಳೆದ ಮೇಲೆ, ಆ ರಿಂಗ್ ಇಲ್ಲದೆಯೇ ಆಗುತ್ತಾ ಅಂತ ಸಂಶೋಧಕರು ಕೇಳ್ತಿದ್ದಾರೆ. ಅಲ್ಟ್ರಾ ಹೈ ಪರ್ಫಾರ್ಮೆನ್ಸ್ ಕಾಂಕ್ರೀಟಿನ ಒತ್ತುಬಲ ಸುಮಾರು 150 ಮೆಗಾಪಾಸ್ಕಲ್. ನಮ್ಮ ಮನೆಗಳ ಎಂ 25ರ ಆರು ಪಟ್ಟು. ಅದರಲ್ಲಿ ಗಾತ್ರದ ಲೆಕ್ಕದಲ್ಲಿ ಶೇಕಡಾ 2ರಷ್ಟು, ಕೂದಲಿನಂಥ ಸಣ್ಣ ಉಕ್ಕಿನ ಎಳೆಗಳನ್ನು ಬೆರೆಸ್ತಾರೆ. ಓರೆ ಬಿರುಕು ಎದ್ದ ಕೂಡಲೇ ಸಾವಿರಾರು ಎಳೆಗಳು ಎರಡೂ ದಡವನ್ನು ಹಿಡಿದುಕೊಳ್ಳುತ್ತವೆ. ಒಂದೇ ಏಟಿಗೆ ಮುರಿಯುವ ಬದಲು ಮೆಲ್ಲಗೆ ಜಾರುತ್ತಾ ಕಳಚುತ್ತವೆ. ಅಂದರೆ ಜನರಿಗೆ ಓಡಲು ಸಮಯ ಸಿಗುತ್ತೆ. ಆದರೆ ಸುರಿಯುವ ರೀತಿ ಕೆಟ್ಟರೆ ಎಳೆಗಳು ಒಂದೇ ದಿಕ್ಕಿಗೆ ಮಲಗುತ್ತವೆ ಅಥವಾ ಗಂಟು ಕಟ್ಟುತ್ತವೆ. ಬಾಸೆಲ್‌ನ ಪಾಠ ಇಲ್ಲಿಗೂ ಅನ್ವಯಿಸುತ್ತೆ.

ಆದ್ದರಿಂದ ಮುಂದಿನ ಸಲ ಸೈಟ್ ವಿಸಿಟ್‌ಗೆ ಹೋದಾಗ ಒಂದು ಟೇಪ್ ಜೇಬಿನಲ್ಲಿರಲಿ. ಕಾಂಕ್ರೀಟ್ ಹಾಕುವ ಮೊದಲು ಪಿಲ್ಲರ್ ಪಕ್ಕದ ರಿಂಗುಗಳ ಅಂತರ ಅಳೆದು ಡ್ರಾಯಿಂಗಿಗೆ ಹೋಲಿಸಿ ನೋಡೋಣ. ಒಮ್ಮೆ ಕಾಂಕ್ರೀಟ್ ಬಿದ್ದ ಮೇಲೆ ಅದು ಯಾರ ಕಣ್ಣಿಗೂ ಕಾಣೋದಿಲ್ಲ.